ಮನೆ ಸುಡಲಿಲ್ಲ, ದಾರಿ ಮುಚ್ಚಿತು: ಲಾವಾ ಹರಿಯುವ ನೆಲದಲ್ಲಿ ಗೃಹ ವಿಮೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ವಿಷಯಕ್ಕೆ ಸೇರಿದವು: ಜ್ವಾಲಾಮುಖಿಯ ಮಗ್ಗುಲಲ್ಲಿ ಮನೆ ಕೊಂಡರೆ ವಿಮೆ ಸಿಗುತ್ತದೆಯೇ, ಸಿಕ್ಕರೂ ಅದು ಕಷ್ಟಕಾಲಕ್ಕೆ ಕೈಹಿಡಿಯುತ್ತದೆಯೇ? ಹವಾಯಿಯ ಕಿಲೌಯೆಯಾ ಜ್ವಾಲಾಮುಖಿ 2024ರ ಡಿಸೆಂಬರ್‌ನಿಂದೀಚೆಗೆ ಬಿಟ್ಟು ಬಿಟ್ಟು ಲಾವಾ ಚಿಮ್ಮಿಸಿದ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡಿದವರಿಗೆ ಈ ಯೋಚನೆ ಬಂದದ್ದು ಸಹಜ. ನಾನು ಆಸ್ತಿ ವಿಮೆಯ ಕ್ಲೇಮು ಕಡತಗಳ ನಡುವೆಯೇ ವೃತ್ತಿಜೀವನ ಕಳೆದವಳು. ಪಾಲಿಸಿಯ ಮೊದಲ ಪುಟವನ್ನು ನಂಬಿ ಕೊನೆಯ ಪುಟದಲ್ಲಿ ಸೋತವರನ್ನು ಕಂಡು ಸಂಕಟಪಟ್ಟವಳು. ಆದ್ದರಿಂದ ಮೊದಲ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ನನ್ನ ಮಗಳು, ಅಳಿಯ ಹವಾಯಿ ದ್ವೀಪದ ಹಿಲೋ ನಗರದಲ್ಲಿ ಕೆಲಸದಲ್ಲಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಪುನಾ ಎಂಬ ಕಡೆ ಒಂದು ಮನೆ ನೋಡಿದ್ದಾರೆ. ಬೆಲೆ ಕಡಿಮೆ, ಗಿಡ ಮರ ಬೆಳೆಸಲು ಜಾಗವೂ ಇದೆಯಂತೆ. ಆದರೆ ಕಾಗದದಲ್ಲಿ ‘ಲಾವಾ ವಲಯ 2’ ಎಂದು ಬರೆದಿದೆ. ವಿಮೆ ಸಿಗುತ್ತದೆ, ಯೋಚನೆ ಬೇಡ ಎಂದು ಮನೆ ತೋರಿಸಿದವರು ಹೇಳಿದ್ದಾರೆ. ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಅವರಿಗೆ ಏನು ಹೇಳಲಿ?

ಉತ್ತರ: ತಾಯಿ, ವಿಮೆ ಸಿಗುತ್ತದೆ ಎಂಬ ಮಾತು ಸುಳ್ಳಲ್ಲ. ಯಾವುದರ ವಿರುದ್ಧ ಸಿಗುತ್ತದೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. ಬೆಂಕಿ, ಬಿರುಗಾಳಿ, ಕಳ್ಳತನ ಎಲ್ಲಕ್ಕೂ ರಕ್ಷಣೆ ಕೊಟ್ಟು ಲಾವಾ ಒಂದನ್ನು ಹೊರಗಿಟ್ಟ ಪಾಲಿಸಿಯೂ ವಿಮೆಯೇ. ಬ್ಯಾಂಕು ಅದನ್ನು ಒಪ್ಪಿ ಸಾಲ ಕೊಡಬಹುದು, ವಿಮೆಯ ಕಂತೂ ವರ್ಷ ವರ್ಷ ಕಟ್ಟಬೇಕಾಗುತ್ತದೆ. ಆದರೆ ನೀವು ಹೆದರುತ್ತಿರುವ ಆ ಒಂದು ದಿನ ಬಂದರೆ ಅದರಿಂದ ಬಿಡಿಗಾಸೂ ಹುಟ್ಟುವುದಿಲ್ಲ.

ವಲಯ ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳಿ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1974ರಲ್ಲಿ ಹವಾಯಿ ದ್ವೀಪದ ಲಾವಾ ಅಪಾಯದ ನಕ್ಷೆಯನ್ನು ಮೊದಲು ತಯಾರಿಸಿತು. ಆಮೇಲೆ 1987 ಮತ್ತು 1992ರಲ್ಲಿ ಅದನ್ನು ಪರಿಷ್ಕರಿಸಿತು. ಅದರಲ್ಲಿ 9 ವಲಯಗಳಿವೆ, 1 ಅತ್ಯಂತ ಅಪಾಯದ್ದು. ಕಿಲೌಯೆಯಾ ಮತ್ತು ಮೌನಾ ಲೋವಾ ಜ್ವಾಲಾಮುಖಿಗಳ ಶಿಖರಗಳು, ಅವುಗಳ ಮೈಯುದ್ದಕ್ಕೂ ನೆಲ ಬಿರಿದು ಲಾವಾ ಹೊರಬರುವ ಪಟ್ಟಿಗಳು ವಲಯ 1ಕ್ಕೆ ಸೇರುತ್ತವೆ. ಆ ಪಟ್ಟಿಗಳಿಗೆ ತಾಗಿಕೊಂಡು ಇಳಿಜಾರಿನ ಕೆಳಗಿರುವ ನೆಲ ವಲಯ 2. ಅಂದರೆ ಬಿರುಕು ನಿಮ್ಮ ಅಂಗಳದಲ್ಲೇ ಬಾಯಿ ತೆರೆಯುವ ಸಂಭವ ಕಡಿಮೆ, ಆದರೆ ಮೇಲೆ ಬಾಯಿ ತೆರೆದದ್ದು ಹರಿದು ಬರುವ ದಾರಿಯಲ್ಲಿ ನಿಮ್ಮ ಮನೆ ಇದೆ. 1800ರಿಂದೀಚೆಗೆ ವಲಯ 1ರ ನೆಲದಲ್ಲಿ ಶೇ 25ಕ್ಕಿಂತ ಹೆಚ್ಚು ಭಾಗವನ್ನು, ವಲಯ 2ರಲ್ಲಿ ಶೇ 15ರಿಂದ 25ರಷ್ಟನ್ನು ಲಾವಾ ಮುಚ್ಚಿದೆ. ವಲಯ 3ಕ್ಕೆ ಬಂದರೆ ಅದು ಶೇ 1ರಿಂದ 5ಕ್ಕೆ ಇಳಿಯುತ್ತದೆ. 2 ಮತ್ತು 3ರ ನಡುವೆ ಎಷ್ಟು ದೊಡ್ಡ ಅಂತರವಿದೆ ನೋಡಿ. ನಿಮ್ಮ ಮಗಳು ಈಗಿರುವ ಹಿಲೋ ನಗರದ ಬಹುಭಾಗ ವಲಯ 3ರಲ್ಲಿದೆ. ಹಾಗೆಂದು ಹಿಲೋ ಲಾವಾ ಕಾಣದ ಊರಲ್ಲ. 1881ರಲ್ಲಿ ಮೌನಾ ಲೋವಾದ ಲಾವಾ ಇಂದಿನ ನಗರದ ಎಲ್ಲೆಯೊಳಗೇ ಬಂದು ನಿಂತಿತ್ತು. ಅದೇ ದ್ವೀಪದ ಉತ್ತರದ ತುದಿಯಲ್ಲಿರುವ ಕೊಹಾಲಾ ವಲಯ 9. ಅಲ್ಲಿನ ಜ್ವಾಲಾಮುಖಿ ಕೊನೆಯ ಸಲ ಉಕ್ಕಿದ್ದು ಸುಮಾರು 60,000 ವರ್ಷಗಳ ಹಿಂದೆ. ಒಂದೇ ದ್ವೀಪ, ಒಂದೇ ಆಡಳಿತ, ಆದರೆ ವಿಮೆಯ ಲೆಕ್ಕ ಅಜಗಜಾಂತರ.

ವಿಮೆ ಕೊಡುವವರ ವಿಚಾರಕ್ಕೆ ಬರೋಣ. ಕಿಲೌಯೆಯಾದ ಮಗ್ಗುಲಲ್ಲಿ 1983ರಲ್ಲಿ ಆರಂಭವಾದ ಪುವು ಓವೋ ಸ್ಫೋಟ 1990ರಲ್ಲಿ ಕಲಪನಾ ಎಂಬ ಕರಾವಳಿ ಊರನ್ನು ಹೂತುಹಾಕಿತು. 100ಕ್ಕೂ ಹೆಚ್ಚು ಮನೆಗಳು ಹೋದವು, ಹೆಸರುವಾಸಿಯಾಗಿದ್ದ ಕಪ್ಪು ಮರಳಿನ ಕಡಲತೀರವೂ ಹೋಯಿತು. ವಿಮಾ ಕಂಪನಿಗಳು ಪುನಾದಿಂದ ಹಿಂದೆ ಸರಿದವು. ವಿಮೆ ಇಲ್ಲದೆ ಸಾಲವಿಲ್ಲ, ಸಾಲವಿಲ್ಲದೆ ಮನೆ ಮಾರಾಟವಿಲ್ಲ. ಆಗ ರಾಜ್ಯದ ಶಾಸನಸಭೆ 1991ರಲ್ಲಿ ಕಾನೂನು ಮಾಡಿ ‘ಹವಾಯಿ ಪ್ರಾಪರ್ಟಿ ಇನ್ಶೂರೆನ್ಸ್ ಅಸೋಸಿಯೇಷನ್’ ಎಂಬ ಸಂಘವನ್ನು ಹುಟ್ಟುಹಾಕಿತು. ಆ ರಾಜ್ಯದಲ್ಲಿ ಆಸ್ತಿ ವಿಮೆ ಮಾರುವ ಕಂಪನಿಗಳು ಅದರ ಸದಸ್ಯರಾಗಿರಲೇಬೇಕು, ನಷ್ಟವನ್ನು ಎಲ್ಲರೂ ಹಂಚಿಕೊಳ್ಳಬೇಕು. ಬೇರೆಲ್ಲೂ ವಿಮೆ ಸಿಗದ ಮನೆಗೆ ಕೊನೆಯ ಆಸರೆ ಇದು. ರಕ್ಷಣೆ ಮೂಲಭೂತವಾದದ್ದು, ವಿಮಾ ಮೊತ್ತಕ್ಕೆ ಮೇಲ್ಮಿತಿಯೂ ಇದೆ. ಆದರೂ ಲಾವಾದಿಂದಾಗುವ ಹಾನಿಗೆ ಅದರಲ್ಲಿ ಜಾಗವಿದೆ. ಅದಕ್ಕೇ ಅದನ್ನು ಮೊದಲು ವಿಚಾರಿಸಿ ಎನ್ನುತ್ತೇನೆ.

ಇನ್ನೊಂದು ಮಾರ್ಗವಿದೆ. ರಾಜ್ಯದ ಪರವಾನಗಿ ಪಡೆದ ಕಂಪನಿಗಳು ಒಪ್ಪದ ಅಪಾಯವನ್ನು ಹೊರಗಿನ ವಿಮೆದಾರರು ಬ್ರೋಕರ್‌ಗಳ ಮೂಲಕ ಹೊರುತ್ತಾರೆ. ಅಲ್ಲಿ ಇದಕ್ಕೆ ‘ಸರ್‌ಪ್ಲಸ್ ಲೈನ್ಸ್’ ಎನ್ನುತ್ತಾರೆ. ಈ ಪಾಲಿಸಿಗಳಲ್ಲಿ ಒಳ್ಳೆಯವೂ ಇವೆ. ಆದರೆ ಹಲವದರಲ್ಲಿ ಲಾವಾವನ್ನು ಹೊರಗಿಟ್ಟಿರುತ್ತಾರೆ. ಜೊತೆಗೆ, ವಿಮೆದಾರ ದಿವಾಳಿಯಾದರೆ ಗ್ರಾಹಕರ ಕ್ಲೇಮು ತೀರಿಸಲು ರಾಜ್ಯಗಳಲ್ಲಿರುವ ಖಾತರಿ ನಿಧಿ ಇಂಥ ಪಾಲಿಸಿಗಳಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. 2018ರಲ್ಲಿ ಕಿಲೌಯೆಯಾದ ಲಾವಾ ಪುನಾದಲ್ಲಿ ಉಕ್ಕಿದ ನಂತರ ಅಲ್ಲಿನ ಮನೆಮಾಲೀಕರಲ್ಲಿ ಕೆಲವರು ನ್ಯಾಯಾಲಯಕ್ಕೆ ಹೋದದ್ದೂ ಇದೇ ಕಾರಣಕ್ಕೆ. ಲಾವಾಕ್ಕೆ ರಕ್ಷಣೆ ಕೊಡುವ ಸಂಘದ ಪಾಲಿಸಿ ಲಭ್ಯವಿದ್ದರೂ ತಮಗೆ ಲಾವಾ ಹೊರಗಿಟ್ಟ ಪಾಲಿಸಿ ಮಾರಿದರು ಎಂಬುದು ಅವರ ದೂರಾಗಿತ್ತು.

ಹೊರಗಿಡುವ ಆ ವಾಕ್ಯ ಎಲ್ಲಿರುತ್ತದೆ ಗೊತ್ತೇ? ಮೊದಲ ಪುಟದಲ್ಲಿ ವಿಳಾಸ, ವಿಮಾ ಮೊತ್ತ, ಕಂತು ದಪ್ಪ ಅಕ್ಷರದಲ್ಲಿರುತ್ತವೆ. ಅದರ ಕೆಳಗೆ ಲಗತ್ತಿಸಿದ ನಮೂನೆಗಳ ಪಟ್ಟಿ ಇರುತ್ತದೆ, ಬರೀ ಸಂಖ್ಯೆಗಳ ಸಾಲು. ಆ ಸಾಲಿನ ಒಂದು ಸಂಖ್ಯೆ ಎಲ್ಲೋ ಹಿಂದಿರುವ ಅರ್ಧ ಪುಟದ ಹಾಳೆಯೊಂದರದ್ದು. ಲಾವಾ ಅಥವಾ ಲಾವಾ ಹರಿವಿನಿಂದ ನೇರವಾಗಿಯೋ ಪರೋಕ್ಷವಾಗಿಯೋ ಆಗುವ ಹಾನಿ, ಮನೆಯನ್ನು ಬಳಸಲಾಗದ ನಷ್ಟ ಈ ಪಾಲಿಸಿಗೆ ಸೇರದು ಎಂದು ಆ ಹಾಳೆಯಲ್ಲಿರುತ್ತದೆ. ‘ಪರೋಕ್ಷವಾಗಿ’ ಎಂಬ ಒಂದೇ ಪದದಿಂದ ಎಷ್ಟೊಂದು ದಾರಿ ಮುಚ್ಚುತ್ತದೆ ನೋಡಿ: ಲಾವಾ ತಗುಲಿ ಮನೆಗೆ ಬೆಂಕಿ ಹತ್ತಿದರೂ ‘ಬೆಂಕಿಗೆ ವಿಮೆ ಇದೆಯಲ್ಲ’ ಎನ್ನುವಂತಿಲ್ಲ. ನಿಮ್ಮ ಮಗಳಿಗೆ ಹೇಳಿ, ಮುಂಗಡ ಕೊಡುವ ಮೊದಲೇ ಪಾಲಿಸಿಯ ಪೂರ್ಣ ಪಠ್ಯವನ್ನು ಎಲ್ಲ ಲಗತ್ತುಗಳ ಸಮೇತ ತರಿಸಿಕೊಳ್ಳಲಿ. ದರಪಟ್ಟಿ, ಸಾರಾಂಶ, ಬ್ರೋಕರ್ ಬರೆದ ಸಿಹಿ ಪತ್ರ ಇವು ಯಾವುದೂ ಸಾಲದು. ‘ಲಾವಾ ಹರಿವಿನಿಂದ ಮನೆ ನಾಶವಾದರೆ ಈ ಪಾಲಿಸಿ ಪರಿಹಾರ ಕೊಡುತ್ತದೆಯೇ?’ ಎಂಬ ಪ್ರಶ್ನೆಗೆ ಬರಹದಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರ ಬರಬೇಕು. ಉತ್ತರ ಕೊಡಲು ಹಿಂಜರಿಯುವವರಿಂದ ಪಾಲಿಸಿ ಕೊಳ್ಳುವುದು ಬೇಡ.

ಸಾಲದ ಮಾತೂ ಇದೆ. ಅಮೆರಿಕದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಎಂಬ ಸರ್ಕಾರಿ ಸಂಸ್ಥೆ ಖಾತರಿ ನೀಡುವ ಗೃಹಸಾಲಕ್ಕೆ ವಲಯ 1 ಮತ್ತು 2ರ ಮನೆಗಳು ಅರ್ಹವಲ್ಲ. ಇವತ್ತು ನಿಮ್ಮ ಮಕ್ಕಳಿಗೆ ಬೇರೆಡೆ ಸಾಲ ಸಿಗಬಹುದು. ನಾಳೆ ಅವರು ಮಾರಲು ಹೊರಟಾಗ ಕೊಳ್ಳುವವರಿಗೂ ಇದೇ ಅಡ್ಡಿ ಎದುರಾಗುತ್ತದೆ. ಬೆಲೆ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ಪಾಲಿಸಿಯ ಅವಧಿ ಸಾಮಾನ್ಯವಾಗಿ ಒಂದು ವರ್ಷ, ಸಾಲದ ಅವಧಿ ಹಲವು ದಶಕ. ಈ ಎರಡರ ನಡುವೆ ವಿಮಾ ಕಂಪನಿ ನವೀಕರಣ ನಿಲ್ಲಿಸಬಹುದು, ಕಂತು ಏರಿಸಬಹುದು. ಹಾಗಾದರೆ ತಡೆದುಕೊಳ್ಳುವಷ್ಟು ಉಳಿತಾಯ ಕೈಯಲ್ಲಿದೆಯೇ ಎಂದು ಮಕ್ಕಳನ್ನು ಕೇಳಿ.

ಕೊಳ್ಳಬೇಡಿ ಎಂದು ಹೇಳುವ ಹಕ್ಕು ನನಗಿಲ್ಲ. ಸಾವಿರಾರು ಜನ ಅಲ್ಲಿ ಬಾಳುತ್ತಿದ್ದಾರೆ. ಕಲಪನಾದಲ್ಲಿ ಗಟ್ಟಿಯಾದ ಲಾವಾದ ಮೇಲೆಯೇ ಮತ್ತೆ ಮನೆ ಕಟ್ಟಿದವರೂ ಇದ್ದಾರೆ. ಹಾಗೆ ಕಟ್ಟಿದ ಮನೆಗಳಲ್ಲಿ ಕೆಲವನ್ನು 2010ರಲ್ಲಿ ಲಾವಾ ಮತ್ತೆ ಸುಟ್ಟಿತು ಎಂಬುದನ್ನೂ ಹೇಳಬೇಕು. ನನ್ನ ಮಗಳಾಗಿದ್ದರೆ ವಲಯ 3ರಲ್ಲಿ ಚಿಕ್ಕ ಮನೆ ನೋಡು ಎನ್ನುತ್ತಿದ್ದೆ.

ಪ್ರಶ್ನೆ: ಅಮೆರಿಕದ ಸಾಮಾನ್ಯ ಗೃಹ ವಿಮೆಯ ಪಾಲಿಸಿಯಲ್ಲೇ ‘ಜ್ವಾಲಾಮುಖಿ ಸ್ಫೋಟ’ ಎಂಬುದು ರಕ್ಷಣೆಯ ಪಟ್ಟಿಯಲ್ಲಿದೆ ಎಂದು ಓದಿದೆ. ಹಾಗಿದ್ದರೆ ಇಷ್ಟೆಲ್ಲ ಗೊಂದಲ ಏಕೆ?

ಉತ್ತರ: ನೀವು ಓದಿದ್ದು ಸರಿ. ಅಲ್ಲಿನ ಪ್ರಮಾಣಿತ ಪಾಲಿಸಿಯಲ್ಲಿ ಆ ಸಾಲು ಇದೆ. ಆದರೆ ಅದೇ ಪಾಲಿಸಿ ‘ಭೂಚಲನೆ’ಯಿಂದಾದ ಹಾನಿಯನ್ನು ಹೊರಗಿಡುತ್ತದೆ. ಸ್ಫೋಟಕ್ಕೆ ಮೊದಲು, ಸ್ಫೋಟದ ವೇಳೆ, ಅನಂತರ ಆಗುವ ನೆಲದ ಕಂಪನವನ್ನೂ ಅದರಲ್ಲೇ ಸೇರಿಸುತ್ತದೆ. ಜ್ವಾಲಾಮುಖಿ ನೆಲ ನಡುಗಿಸದೆ ಉಕ್ಕುವುದು ಅಪರೂಪ. 2018ರ ಮೇ 3ರಂದು ಪುನಾದ ಲೇಲಾನಿ ಎಸ್ಟೇಟ್ಸ್ ಬಡಾವಣೆಯಲ್ಲಿ ಮೊದಲ ಬಿರುಕು ತೆರೆಯಿತು. ಮರುದಿನವೇ 6.9 ತೀವ್ರತೆಯ ಭೂಕಂಪವಾಯಿತು. ಆ ವಾರ ಒಂದು ಮನೆಯ ತಳಪಾಯ ಸೀಳಿದ್ದರೆ ಅದನ್ನು ಯಾವ ಖಾತೆಗೆ ಹಾಕುತ್ತೀರಿ? ಭೂಕಂಪವೆಂದರೆ ಪರಿಹಾರವಿಲ್ಲ. ನೆಲದಡಿ ಶಿಲಾರಸ ನುಗ್ಗಿ ಬಿರಿದದ್ದೆಂದರೆ ವಾದಕ್ಕೆ ಅವಕಾಶವಿದೆ.

ಈ ವಾದ ಹೊಸದಲ್ಲ. 1980ರ ಮೇ 18ರಂದು ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತ ಸಿಡಿದಾಗ ಕೆಸರಿನ ಮಹಾಪ್ರವಾಹ ಕಣಿವೆಯಲ್ಲಿ ಮನೆಗಳನ್ನು ಕೊಚ್ಚಿಕೊಂಡು ಹೋಯಿತು. ಕೆಸರಿನ ಹರಿವು ಭೂಚಲನೆ, ಆದ್ದರಿಂದ ಪರಿಹಾರವಿಲ್ಲ ಎಂದಿತು ವಿಮಾ ಕಂಪನಿ. 1983ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ಹಾಗೆಯೇ ಒಪ್ಪಲಿಲ್ಲ. ಘಟನೆಗಳ ಸರಪಳಿಯನ್ನು ಆರಂಭಿಸಿದ ಪ್ರಧಾನ ಕಾರಣ ಯಾವುದು ಎಂಬುದನ್ನು ಜ್ಯೂರಿ ನಿರ್ಧರಿಸಬೇಕು ಎಂದಿತು. ಮನೆಮಾಲೀಕರ ಪಾಲಿಗೆ ದೊಡ್ಡ ತೀರ್ಪು ಅದು. ಆದರೆ ವಿಮಾ ಕಂಪನಿಗಳೂ ಇಂಥ ತೀರ್ಪುಗಳನ್ನು ಓದುತ್ತವೆ. ‘ಬೇರೆ ಯಾವ ಕಾರಣ ಜೊತೆಗೂಡಿದ್ದರೂ, ಯಾವ ಕ್ರಮದಲ್ಲಿ ಘಟಿಸಿದ್ದರೂ’ ಎಂಬಂಥ ಮಾತುಗಳು ಹೊರಗಿಡುವ ಷರತ್ತುಗಳಿಗೆ ಸೇರಿಕೊಂಡವು. ಅಂಥ ಮಾತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ.

ಇನ್ನೊಂದು ಸೂಕ್ಷ್ಮ. ಪ್ರಮಾಣಿತ ಪಾಲಿಸಿಯಲ್ಲಿ 72 ಗಂಟೆಗಳೊಳಗಿನ ಸ್ಫೋಟಗಳನ್ನೆಲ್ಲ ಒಂದೇ ಸ್ಫೋಟವೆಂದು ಎಣಿಸುತ್ತಾರೆ. ನಿಮ್ಮ ಪಾಲಿನ ನಷ್ಟಭಾಗವನ್ನು, ಅಂದರೆ ‘ಡಿಡಕ್ಟಿಬಲ್’ ಎನ್ನುವ ಮೊತ್ತವನ್ನು, ಒಂದು ಘಟನೆಗೆ ಒಮ್ಮೆ ಭರಿಸಬೇಕು. ಸೇಂಟ್ ಹೆಲೆನ್ಸ್‌ನಂತೆ ಒಂದು ದಿನ ಸಿಡಿಯುವ ಪರ್ವತಕ್ಕೆ ಈ ಲೆಕ್ಕ ಹೊಂದುತ್ತದೆ. ಕಿಲೌಯೆಯಾ ಹಾಗಲ್ಲ. 2018ರಲ್ಲಿ 24 ಬಿರುಕುಗಳು ಒಂದೊಂದಾಗಿ ತೆರೆದು ತಿಂಗಳುಗಟ್ಟಲೆ ಲಾವಾ ಹರಿಯಿತು. ಯಾವ ದಿನ ಯಾವ ಹಾನಿಯಾಯಿತು ಎಂದು ಬರೆದಿಡುವುದು ಅಲ್ಲಿ ಬಹಳ ಮುಖ್ಯ.

ಪ್ರಶ್ನೆ: 2018ರಲ್ಲಿ ಕೆಲವು ಮನೆಗಳು ಸುಡದೆ ಉಳಿದರೂ ಮಾಲೀಕರು ಕಳೆದುಕೊಂಡರು ಎಂದು ಕೇಳಿದೆ. ಇದು ಹೇಗೆ ಸಾಧ್ಯ? ಮನೆ ನಿಂತಿದ್ದರೆ ನಷ್ಟವೆಲ್ಲಿ?

ಉತ್ತರ: ನನಗೆ ಬಂದ ಪ್ರಶ್ನೆಗಳಲ್ಲೆಲ್ಲ ಇದೇ ಅತ್ಯಂತ ಮುಖ್ಯವಾದದ್ದು. ಕೊಳ್ಳುವವರಲ್ಲಿ ಇದನ್ನು ಮುಂಚಿತವಾಗಿ ಕೇಳುವವರು ಬಹಳ ಕಡಿಮೆ.

ಲಾವಾ ನೀರಿನಂತೆ ಎಲ್ಲವನ್ನೂ ಆವರಿಸುವುದಿಲ್ಲ. ತಗ್ಗು ಹಿಡಿದು ಕವಲೊಡೆಯುತ್ತದೆ, ದಿಬ್ಬವನ್ನು ಬಳಸಿ ಹೋಗುತ್ತದೆ. ಸುತ್ತ ಕಪ್ಪು ಬಂಡೆ, ನಡುವೆ ಹಸಿರು ಉಳಿದ ತುಂಡು ನೆಲಕ್ಕೆ ಹವಾಯಿಯವರು ‘ಕೀಪುಕಾ’ ಎನ್ನುತ್ತಾರೆ. 2018ರ ಎಂಟನೇ ಬಿರುಕಿನಿಂದ ಹೊರಟ ಲಾವಾ ನದಿ ಸುಮಾರು 13 ಕಿ.ಮೀ. ಹರಿದು ಕಪೋಹೋ ಕೊಲ್ಲಿಯನ್ನು ತುಂಬಿತು. ಸುಮಾರು 35 ಚದರ ಕಿ.ಮೀ. ನೆಲ ಮುಚ್ಚಿತು. 700ಕ್ಕೂ ಹೆಚ್ಚು ಮನೆಗಳು ನಾಶವಾದವು. ಆ ಲೆಕ್ಕಕ್ಕೆ ಸೇರದ, ಕೀಪುಕಾಗಳಲ್ಲಿ ಒಂಟಿಯಾಗಿ ಉಳಿದ ಮನೆಗಳೂ ಇದ್ದವು. ಗೋಡೆ ನೆಟ್ಟಗಿದೆ, ಛಾವಣಿ ಇದೆ, ಆದರೆ ಹೋಗಲು ರಸ್ತೆಯಿಲ್ಲ, ವಿದ್ಯುತ್ ಕಂಬಗಳಿಲ್ಲ. ಲಾವಾದ ಮೇಲ್ಮೈ ತಣ್ಣಗಾದರೂ ದಪ್ಪ ಪದರದ ಒಡಲಲ್ಲಿ ಬಿಸಿ ವರ್ಷಗಟ್ಟಲೆ ಇರುತ್ತದೆ. ಅದರ ಮೇಲೆ ಹೊಸ ರಸ್ತೆ ಹಾಕುವುದು ಬೇಗ ಆಗುವ ಕೆಲಸವಲ್ಲ.

ಈಗ ಪಾಲಿಸಿ ತೆರೆಯಿರಿ. ಪರಿಹಾರಕ್ಕೆ ಬೇಕಾದದ್ದು ವಿಮೆ ಮಾಡಿದ ಕಟ್ಟಡಕ್ಕೆ ‘ನೇರ ಭೌತಿಕ ಹಾನಿ’. ರಸ್ತೆ ನಿಮ್ಮ ಕಟ್ಟಡವಲ್ಲ. ಮನೆಗೆ ತಲುಪಲಾಗದಿರುವುದು ಭೌತಿಕ ಹಾನಿಯಲ್ಲ ಎಂಬುದು ವಿಮಾ ಕಂಪನಿಯ ಸಾಮಾನ್ಯ ನಿಲುವು. ಆಡಳಿತವು ಪ್ರದೇಶ ತೆರವು ಮಾಡಿಸಿದಾಗ ಹೊರಗಿನ ವಾಸದ ಖರ್ಚು ಕೊಡುವ ಷರತ್ತು ಹಲವು ಪಾಲಿಸಿಗಳಲ್ಲಿದೆ. ಅದೂ ಸಾಮಾನ್ಯವಾಗಿ ಎರಡು ವಾರಕ್ಕೆ ಸೀಮಿತ. ಅದರಲ್ಲೂ ನೆರೆಯ ಆಸ್ತಿಗೆ ಆದ ಹಾನಿ ನಿಮ್ಮ ಪಾಲಿಸಿ ಒಪ್ಪುವ ಅಪಾಯದಿಂದ ಆಗಿರಬೇಕು. ಲಾವಾ ಹೊರಗಿಟ್ಟ ಪಾಲಿಸಿಯಲ್ಲಿ ಈ ಬಾಗಿಲೂ ಮುಚ್ಚಿರುತ್ತದೆ. ಹೀಗೆ ಸುಟ್ಟ ಮನೆಯವನಿಗೆ ಪರಿಹಾರ ಸಿಕ್ಕಿ, ಉಳಿದ ಮನೆಯವನು ಬರಿಗೈಯಲ್ಲಿ ಸಾಲದ ಕಂತು ಕಟ್ಟುತ್ತಾ ಕೂರುವ ಪರಿಸ್ಥಿತಿ ಬರುತ್ತದೆ. ಇದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ಲಾವಾ ಪ್ರದೇಶದ ಪಾಲಿಸಿಯಲ್ಲಿ ಶಾಶ್ವತವಾಗಿ ದಾರಿ ಕಳೆದುಕೊಂಡ ಮನೆಯನ್ನು ನಾಶವಾದ ಮನೆಗೆ ಸಮನೆಂದು ಎಣಿಸುವ ಷರತ್ತು ಇರಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಅಂಥ ಮನೆಯ ಮಾಲೀಕರು ಕೈಚೆಲ್ಲಿ ಕೂರಬೇಕಿಲ್ಲ. ನಿಂತ ಮನೆಯನ್ನು ಹತ್ತಿರದಿಂದ ನೋಡಿದರೆ ಭೌತಿಕ ಹಾನಿ ಕಾಣುತ್ತದೆ. ಬಿರುಕುಗಳಿಂದ ಬರುವ ಗಂಧಕದ ಡೈಆಕ್ಸೈಡ್ ತೇವದೊಡನೆ ಸೇರಿ ಆಮ್ಲವಾಗುತ್ತದೆ. ಮೊದಲು ಕೆಡುವುದು ತಗಡಿನ ಛಾವಣಿಯ ತಿರುಪುಗಳು. ತಿರುಪಿನ ತಲೆಯ ಸುತ್ತ ಕಂದು ಉಂಗುರ ಮೂಡುತ್ತದೆ, ಆಮೇಲೆ ತಗಡಿನ ಅಂಚು ಪುಡಿಯಾಗುತ್ತದೆ. ಪುನಾದ ಬಹಳಷ್ಟು ಮನೆಗಳಿಗೆ ನಲ್ಲಿ ನೀರಿಲ್ಲ, ಛಾವಣಿಯ ಮಳೆನೀರನ್ನೇ ತೊಟ್ಟಿಯಲ್ಲಿ ಹಿಡಿದು ಬಳಸುತ್ತಾರೆ. ಚಿಮ್ಮಿದ ಲಾವಾ ಗಾಳಿಯಲ್ಲಿ ಎಳೆಯಾಗಿ ಗಟ್ಟಿಯಾದ ಗಾಜಿನ ನಾರಿಗೆ ಅಲ್ಲಿನವರು ಅಗ್ನಿದೇವತೆ ಪೆಲೆಯ ಕೂದಲು ಎನ್ನುತ್ತಾರೆ. ಬಂಗಾರ ಬಣ್ಣದ ಆ ಸೂಜಿಗಳು ಛಾವಣಿಯಿಂದ ಮಳೆನೀರು ಹರಿಯುವ ದೋಣಿಗೆ, ದೋಣಿಯಿಂದ ತೊಟ್ಟಿಗೆ ಇಳಿದರೆ ನೀರು ಕುಡಿಯಲು ಬಾರದು. ಇವೆಲ್ಲ ಕಟ್ಟಡಕ್ಕಾದ ಹಾನಿ. ದಿನಾಂಕ ಸಮೇತ ಫೋಟೊ ತೆಗೆದು ಕ್ಲೇಮಿನಲ್ಲಿ ಪ್ರತ್ಯೇಕವಾಗಿ ನಮೂದಿಸಬೇಕು. ತುಕ್ಕು ಮತ್ತು ಮಾಲಿನ್ಯವನ್ನು ಹೊರಗಿಡುವ ಷರತ್ತುಗಳನ್ನು ವಿಮಾ ಕಂಪನಿ ಎದುರಿಗಿಡಬಹುದು. ಆಗ ಅಲ್ಲಿನ ವಿಮಾ ಕ್ಲೇಮುಗಳ ವಕೀಲರೊಬ್ಬರ ನೆರವು ಬೇಕೇ ಬೇಕು.

ಪ್ರಶ್ನೆ: ಈಗ ವಿಮೆ ಬೇಡ, ಲಾವಾ ಹರಿಯಲು ಶುರುವಾದರೆ ಮಾಡಿಸಿದರಾಯಿತು ಎನ್ನುತ್ತಾನೆ ನನ್ನ ತಮ್ಮ. ಅಲ್ಲಿ ಲಾವಾ ನಿಧಾನವಾಗಿ ಹರಿಯುತ್ತದಂತೆ.

ಉತ್ತರ: ಆಗುವುದಿಲ್ಲ. ಉರಿ ಕಂಡ ಮೇಲೆ ಕೂಡಲೇ ರಕ್ಷಣೆ ಕೊಡುವ ಹೊಸ ಪಾಲಿಸಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. 2014ರ ಜೂನ್ 27ರಂದು ಕಿಲೌಯೆಯಾದಿಂದ ಹೊರಟ ಲಾವಾ ಅಕ್ಟೋಬರ್ ಕೊನೆಗೆ ಪುನಾದ ಪಾಹೋವಾ ಪಟ್ಟಣದ ಅಂಚಿಗೆ ಬಂತು. ತಿಂಗಳುಗಳ ಕಾಲಾವಕಾಶವಿತ್ತು ನಿಜ, ಆದರೆ ಆ ತಿಂಗಳುಗಳಲ್ಲಿ ಹೊಸ ವಿಮೆ ಸಿಗುವುದು ನಿಂತುಹೋಗಿತ್ತು. ಕೊನೆಗೆ ಲಾವಾ ಒಂದು ಮನೆಯನ್ನು ಸುಟ್ಟು, ಮುಖ್ಯ ರಸ್ತೆ ತಲುಪುವ ಮೊದಲೇ ನಿಂತಿತು. ನಿಧಾನ ಎಂಬುದೂ ಎಲ್ಲ ಕಡೆಯ ಮಾತಲ್ಲ. 2018ರಲ್ಲಿ ಎಂಟನೇ ಬಿರುಕಿನ ಲಾವಾ ಕಡಲು ಮುಟ್ಟಲು ಬೇಕಾದದ್ದು ಕೆಲವೇ ದಿನ. ಆ ಲಾವಾ ಮುಚ್ಚಿದ ಕಪೋಹೋ 1960ರಲ್ಲೂ ಒಮ್ಮೆ ಲಾವಾದಡಿ ಹೋಗಿದ್ದ ಊರು.

ಪ್ರಶ್ನೆ: ಬೇರೆ ದೇಶಗಳಲ್ಲಿ ಇದಕ್ಕಿಂತ ಉತ್ತಮ ವ್ಯವಸ್ಥೆ ಇದೆಯೇ?

ಉತ್ತರ: ಇದೆ. 1973ರ ಜನವರಿ 23ರ ರಾತ್ರಿ ಐಸ್‌ಲ್ಯಾಂಡಿನ ಹೇಮೇ ದ್ವೀಪದಲ್ಲಿ ಊರಂಚಿನಲ್ಲೇ ನೆಲ ಸೀಳಿ ಲಾವಾ ಚಿಮ್ಮಿತು. ಸುಮಾರು 400 ಮನೆಗಳು ಹೋದವು. ಬಂದರಿನ ಬಾಯಿ ಮುಚ್ಚದಂತೆ ಸಮುದ್ರದ ನೀರನ್ನು ಪಂಪುಗಳಿಂದ ಲಾವಾದ ಮೇಲೆ ಸುರಿದು ತಡೆದ ಜನ ಅವರು. ಎರಡು ವರ್ಷದಲ್ಲಿ, 1975ರಲ್ಲಿ, ಪ್ರಕೃತಿ ವಿಕೋಪಗಳಿಗೆಂದೇ ಸಾರ್ವಜನಿಕ ವಿಮಾ ಸಂಸ್ಥೆಯೊಂದು ಅಲ್ಲಿ ಹುಟ್ಟಿತು. ಆ ದೇಶದಲ್ಲಿ ಪ್ರತಿ ಮನೆಗೂ ಬೆಂಕಿ ವಿಮೆ ಕಡ್ಡಾಯ. ಬೆಂಕಿ ವಿಮೆ ಇದ್ದ ಮನೆಗೆ ಜ್ವಾಲಾಮುಖಿ, ಭೂಕಂಪ, ಹಿಮಕುಸಿತ, ಭೂಕುಸಿತಗಳ ರಕ್ಷಣೆ ತಾನಾಗಿಯೇ ಸೇರುತ್ತದೆ. ಅಪಾಯದ ಹಳ್ಳಿಯವನೂ ರಾಜಧಾನಿಯವನೂ ಒಂದೇ ದರದಲ್ಲಿ ಕಟ್ಟುತ್ತಾರೆ. ಹೊರಗಿಡುವ ಅರ್ಧ ಹಾಳೆಯನ್ನು ಹುಡುಕುವ ಪ್ರಮೇಯವೇ ಅಲ್ಲಿಲ್ಲ.

ಆದರೂ ದಾರಿ ಮುಚ್ಚಿದ ಮನೆಯ ಸಮಸ್ಯೆ ಅಲ್ಲಿಗೂ ಬಂತು. 2023ರ ನವೆಂಬರ್ 10ರ ರಾತ್ರಿ ಗ್ರಿಂಡವೀಕ್ ಪಟ್ಟಣದ ಸುಮಾರು 3,800 ಜನರನ್ನು ತೆರವು ಮಾಡಿಸಿದರು. 2024ರ ಜನವರಿ 14ರಂದು ಲಾವಾ ಊರೊಳಗೆ ಬಂದು ಮೂರು ಮನೆಗಳನ್ನು ಸುಟ್ಟಿತು. ಉಳಿದ ಬಹುತೇಕ ಮನೆಗಳು ನಿಂತಿದ್ದವು, ಆದರೆ ಬಾಳುವಂತಿರಲಿಲ್ಲ. ಆಗ ಸರ್ಕಾರ ಒಂದು ಕಂಪನಿ ಸ್ಥಾಪಿಸಿ, ಬಿಟ್ಟುಹೋಗಬಯಸುವವರ ಮನೆಗಳನ್ನು ಬೆಂಕಿ ವಿಮೆಗಾಗಿ ನಿಗದಿಯಾದ ಮೌಲ್ಯದ ಶೇ 95ಕ್ಕೆ ಕೊಂಡುಕೊಂಡಿತು. ವಿಮೆಯ ಕೈ ಎಟುಕದಲ್ಲಿಗೆ ಸರ್ಕಾರ ಕೈ ಚಾಚಿತು. ಹವಾಯಿ ದ್ವೀಪದ ಸ್ಥಳೀಯ ಆಡಳಿತವಾದ ಹವಾಯಿ ಕೌಂಟಿಯೂ 2018ರ ನಂತರ ಫೆಡರಲ್ ಹಣದಿಂದ ಸಂತ್ರಸ್ತರ ಜಾಗಗಳನ್ನು ಕೊಳ್ಳುವ ಯೋಜನೆ ತಂದಿತು, ಆದರೆ ಜನ ಅದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು.

ಸ್ಪೇನಿನ ವ್ಯವಸ್ಥೆ ಇನ್ನೊಂದು ಬಗೆಯದು. ಅಲ್ಲಿ ಆಸ್ತಿ ವಿಮೆಯ ಪ್ರತಿ ಪಾಲಿಸಿಯ ಮೇಲೆ ಸಣ್ಣ ಅಧಿಭಾರ ವಸೂಲಾಗಿ ‘ಕಾನ್ಸೋರ್ಸಿಯೋ’ ಎಂಬ ಸಾರ್ವಜನಿಕ ಸಂಸ್ಥೆಗೆ ಹೋಗುತ್ತದೆ. ವಿಕೋಪ ಬಂದರೆ ಪರಿಹಾರ ಕೊಡುವುದು ಅದೇ. ಲಾ ಪಾಲ್ಮಾ ದ್ವೀಪದಲ್ಲಿ 2021ರ ಸೆಪ್ಟೆಂಬರ್ 19ರಿಂದ ಡಿಸೆಂಬರ್ 13ರವರೆಗೆ ಲಾವಾ ಹರಿದು ತೊಡೋಕೆ ಎಂಬ ಊರು ಅಳಿಸಿಹೋದಾಗ, ಸಾಮಾನ್ಯ ಗೃಹ ವಿಮೆ ಇದ್ದವರಿಗೆ ಈ ಸಂಸ್ಥೆ ನೆರವಾಯಿತು. ವಿಮೆಯನ್ನೇ ಮಾಡಿಸದವರು ಸರ್ಕಾರದ ಸಹಾಯಧನಕ್ಕೆ ಕಾದರು. ನನ್ನ ಮಟ್ಟಿಗೆ ಐಸ್‌ಲ್ಯಾಂಡಿನ ಕಡ್ಡಾಯವೇ ಮೇಲು.

ಪ್ರಶ್ನೆ: ವಿಮಾ ಮೊತ್ತವನ್ನು ಕೊಂಡ ಬೆಲೆಗೆ ಸಮನಾಗಿ ಇಟ್ಟರೆ ಸಾಕಲ್ಲವೇ?

ಉತ್ತರ: ಕೊಂಡ ಬೆಲೆಯಲ್ಲಿ ನೆಲದ ಬೆಲೆಯೂ ಇದೆ. ವಿಮೆ ನೆಲಕ್ಕಲ್ಲ, ಕಟ್ಟಡಕ್ಕೆ ಮತ್ತು ಸಾಮಾನಿಗೆ. ಲಾವಾ ಮುಚ್ಚಿದ ನಿವೇಶನ ನಿಮ್ಮದೇ ಆಗಿ ಉಳಿಯುತ್ತದೆ, ಅದಕ್ಕೆ ಪಾಲಿಸಿ ಏನೂ ಕೊಡುವುದಿಲ್ಲ. ಆದ್ದರಿಂದ ಇಂದಿನ ದರದಲ್ಲಿ ಮನೆಯನ್ನು ಮತ್ತೆ ಕಟ್ಟಲು ಎಷ್ಟಾಗುತ್ತದೋ ಅದನ್ನೇ ವಿಮಾ ಮೊತ್ತವಾಗಿಡಿ. ಕಟ್ಟುವ ಸಾಮಗ್ರಿ ಹಡಗಿನಲ್ಲಿ ಬರುವ ದ್ವೀಪದಲ್ಲಿ ಅದು ಕೊಂಡ ಬೆಲೆಗಿಂತ ಹೆಚ್ಚೂ ಆಗಬಹುದು. ಪರಿಹಾರ ಮರುನಿರ್ಮಾಣದ ವೆಚ್ಚವೋ, ಸವಕಳಿ ಕಳೆದ ಮೊತ್ತವೋ ಎಂದು ಕೇಳಿ ತಿಳಿಯಿರಿ. ಮರುನಿರ್ಮಾಣದ ವೆಚ್ಚ ಕೊಡುವ ಪಾಲಿಸಿಗಳೂ ಸಾಮಾನ್ಯವಾಗಿ ಮನೆ ಕಟ್ಟಿ ಮುಗಿಯುವವರೆಗೆ ಸವಕಳಿ ಕಳೆದ ಮೊತ್ತವನ್ನಷ್ಟೇ ಕೊಡುತ್ತವೆ. ಹಳೆಯ ಜಾಗ ಕುದಿಯುವ ಬಂಡೆಯಾಗಿರುವಾಗ ಬೇರೆ ಜಾಗದಲ್ಲಿ ಕಟ್ಟಿದರೂ ಪೂರ್ಣ ಮೊತ್ತ ಸಿಗುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ. ಮನೆ ಸುಟ್ಟಿತೆಂದು ಗೃಹಸಾಲ ಮನ್ನಾ ಆಗುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ತೆರವು ಮಾಡಿ ಎಂದಾಗ ವಿಮೆಯ ದೃಷ್ಟಿಯಿಂದ ಏನು ಮಾಡಬೇಕು?

ಉತ್ತರ: ಮೊದಲು ಹೊರಡಿ. ಕಾಗದಪತ್ರದ ಕೆಲಸ ಅದಕ್ಕೂ ಬಹಳ ಮುಂಚೆ ಮುಗಿದಿರಬೇಕು. ಪ್ರತಿ ಕೋಣೆಯಲ್ಲೂ ಕಪಾಟಿನ ಬಾಗಿಲು ತೆರೆದು, ಯಂತ್ರಗಳ ಮಾದರಿ ಸಂಖ್ಯೆ ಕಾಣುವಂತೆ ನಿಧಾನವಾಗಿ ವಿಡಿಯೊ ಮಾಡಿ, ಮನೆಯ ಹೊರಗೆಲ್ಲಾದರೂ ಉಳಿಯುವಂತೆ ಅಂತರ್ಜಾಲದಲ್ಲಿ ಸಂಗ್ರಹಿಸಿಡಿ. ಛಾವಣಿ, ನೀರಿನ ತೊಟ್ಟಿ, ತಳಪಾಯದ ಮೂಲೆಗಳನ್ನು ವರ್ಷಕ್ಕೊಮ್ಮೆ ಚಿತ್ರೀಕರಿಸಿ, ಬಿರುಕು ಹಳೆಯದೋ ಹೊಸದೋ ಎಂಬ ತಕರಾರು ಬಂದಾಗ ಅದೇ ಸಾಕ್ಷಿ. ಕಟ್ಟಡ ಪರವಾನಗಿಯ ಪ್ರತಿಯೂ ಅಲ್ಲೇ ಇರಲಿ, ಪರವಾನಗಿ ಇಲ್ಲದೆ ಸೇರಿಸಿದ ಕೋಣೆಗೆ ಪರಿಹಾರ ಕೇಳುವಾಗ ತೊಡಕಾಗುತ್ತದೆ. ಹೊರಟ ದಿನದಿಂದ ವಾಸದ ಖರ್ಚಿನ ರಸೀದಿಗಳನ್ನೆಲ್ಲ ಇಟ್ಟುಕೊಳ್ಳಿ. ಮನೆಗೆ ಏನಾಯಿತೆಂದು ಕಣ್ಣಾರೆ ನೋಡಲಾಗದಿದ್ದರೂ ಆಡಳಿತ ಪ್ರಕಟಿಸುವ ಲಾವಾ ನಕ್ಷೆಯನ್ನೇ ಆಧಾರವಾಗಿಟ್ಟುಕೊಂಡು ವಿಮಾ ಕಂಪನಿಗೆ ಅಂದೇ ಲಿಖಿತ ಸೂಚನೆ ಕಳುಹಿಸಿ, ತಲುಪಿದ್ದಕ್ಕೆ ಉತ್ತರ ಕೇಳಿ. ವಿಮೆಯ ಕಂತು ಕಟ್ಟುವ ದಿನಾಂಕ ತೆರವಿನ ಅವಧಿಯಲ್ಲೇ ಬಿದ್ದರೆ ತಪ್ಪದೆ ಕಟ್ಟಿಬಿಡಿ.